ನಿಧಾನದ ಪ್ರಿಂಟರು, ಅವಸರದ ಮಾಸ್ತರು

ಕಲಬುರಗಿ ನಗರದ ಅಂಚಿನಲ್ಲಿರುವ ನಮ್ಮ ತಾಜಸುಲ್ತಾನಪುರದಲ್ಲಿ ಮೇ ತಿಂಗಳೆಂದರೆ ಮಧ್ಯಾಹ್ನ ಹನ್ನೆರಡರ ಮೇಲೆ ಓಣಿಯಲ್ಲಿ ನಾಯಿಯೂ ಸುಳಿಯದ ಕಾಲ. ಅಂಥ ಬಿಸಿಲಿನಲ್ಲಿ, 2025ರ ಮೇ ಮೊದಲ ವಾರ, ಒಂಬತ್ತು ಮಕ್ಕಳು ನಮ್ಮ ಪಡಸಾಲೆಗೆ ಬಂದು ಕುಳಿತರು. ಎಸ್.ಎಸ್.ಎಲ್.ಸಿ. ಫಲಿತಾಂಶ ಮೇ 2ರಂದು ಪ್ರಕಟವಾಗಿತ್ತು. ಶೇಕಡಾ 42.43 ಫಲಿತಾಂಶದೊಡನೆ ನಮ್ಮ ಜಿಲ್ಲೆ ಇಡೀ ರಾಜ್ಯದಲ್ಲಿ ಕಟ್ಟಕಡೆಗೆ ನಿಂತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಆ ಅಂಕಿಯನ್ನು ಪತ್ರಿಕೆಯಲ್ಲಿ ಓದಿ ಮಡಚಿಡುವುದು ಸಾಧ್ಯವಾಗಲಿಲ್ಲ. ಎರಡನೆಯ ಪರೀಕ್ಷೆ ಮೇ ಕೊನೆಯ ವಾರಕ್ಕೆ ನಿಗದಿಯಾಗಿತ್ತು. ಗಣಿತದಲ್ಲಿ ನಪಾಸಾದ ಮಕ್ಕಳಿದ್ದರೆ ಕಳಿಸಿರಿ ಎಂದು ಓಣಿಯಲ್ಲಿ ಹೇಳಿದೆ. ಬಂದರು.

ದಿನಕ್ಕೊಂದು ಅಭ್ಯಾಸಪತ್ರಿಕೆ ಕೊಡಬೇಕೆಂಬುದು ನನ್ನ ಯೋಜನೆ. ಮನೆಯಲ್ಲಿ ಮಗ ಬೆಂಗಳೂರಿನಿಂದ ತರಿಸಿಕೊಟ್ಟ ವೈಫೈ ಪ್ರಿಂಟರ್ ಇತ್ತು. ತಂತಿಯ ಗೊಡವೆ ಬೇಡವೆಂದು ಅದನ್ನು ಒಳಕೋಣೆಯಲ್ಲಿಟ್ಟಿದ್ದೆವು. ಕಂಪ್ಯೂಟರು ಮತ್ತು ಇಂಟರ್‌ನೆಟ್ಟಿನ ರೌಟರ್ ಪಡಸಾಲೆಯಲ್ಲಿ. ನಡುವೆ ನಮ್ಮ ತಂದೆಯವರು ಕಟ್ಟಿಸಿದ ಎರಡಡಿ ದಪ್ಪದ ಕಲ್ಲಿನ ಗೋಡೆ. ಬೇಸಿಗೆಯಲ್ಲಿ ಆ ಗೋಡೆಯ ಉಪಕಾರವನ್ನು ಎಷ್ಟು ನೆನೆದರೂ ಸಾಲದು.

ಪ್ರಿಂಟರ್ ಮೊದಲಿನಿಂದಲೂ ನಿಧಾನವೇ. ಒಂದು ಹಾಳೆಗೆ ಆದೇಶ ಕೊಟ್ಟರೆ ನಾಲ್ಕೈದು ನಿಮಿಷ ಒಳಗಿನಿಂದ ಸದ್ದೇ ಇರುತ್ತಿರಲಿಲ್ಲ. ಪಿಂಚಣಿಯ ಕಾಗದ, ವಿದ್ಯುತ್ ಬಿಲ್ಲು ಮುದ್ರಿಸುವಾಗ ಅದು ಬಾಧಿಸಿರಲಿಲ್ಲ. ಅಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು. ಒಂಬತ್ತು ಮಕ್ಕಳು ಕಾದು ಕುಳಿತಾಗ ಮಾತ್ರ ಆ ಐದು ನಿಮಿಷ ಬಹಳ ದೊಡ್ಡದಾಯಿತು.

ಮೂರನೆಯ ದಿನ ಮಕ್ಕಳಲ್ಲೊಬ್ಬಳು, ಎದುರು ಸಾಲಿನ ಮನೆಯ ಹುಡುಗಿ, ಕಂಪ್ಯೂಟರಿನ ಹತ್ತಿರ ಕುಳಿತಿದ್ದಳು. ಒಂಬತ್ತು ಪ್ರತಿ ಎಂದು ನಮೂದಿಸಿ ಮುದ್ರಣಕ್ಕೆ ಕೊಡು ಎಂದೆ. ಕೊಟ್ಟಳು. ಆರೇಳು ನಿಮಿಷ ಏನೂ ಇಲ್ಲ. ಆಮೇಲೆ ಒಳಗೆ ಯಂತ್ರ ಗಿರಗಿರನೆ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಹೋಗಿ ನೋಡಿದರೆ ಇಪ್ಪತ್ಮೂರು ಹಾಳೆಗಳು!

"ಎಷ್ಟು ಸಲ ಒತ್ತಿದಿ?" ಎಂದೆ.

"ಒಂದೇ ಸಲ ಒತ್ತೀನ್ರಿ ಸರ್."

ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. "ಈ ಅವಸರಕ್ಕೇ ಪರೀಕ್ಷೆಯಲ್ಲೂ ಹೀಗಾಗಿದ್ದು" ಎಂದುಬಿಟ್ಟೆ, ಎಂಟು ಮಕ್ಕಳ ಎದುರಿಗೆ. ಆಕೆ ತಲೆ ತಗ್ಗಿಸಿ ಲೆಕ್ಕ ಬಿಡಿಸಿದಳು, ಸಂಜೆ ಎಲ್ಲರಂತೆ ಎದ್ದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಆ ರಾತ್ರಿ ನನಗೊಂದು ಪತ್ರ ಮುದ್ರಿಸುವುದಿತ್ತು. ನಾನೇ ಒತ್ತಿದೆ, ಒಂದೇ ಸಲ. ಎಂಟು ನಿಮಿಷದ ಮೇಲೆ ಅರ್ಧ ಹಾಳೆ ಬಂದು ನಿಂತಿತು. ಆಮೇಲೆ ಪೂರ್ತಿ ಹಾಳೆಯೊಂದು, ಅದರ ಹಿಂದೆಯೇ ಇನ್ನೊಂದು. ಮನೆಯಲ್ಲಿ ಆಗ ಎಚ್ಚರವಿದ್ದವನು ನಾನೊಬ್ಬನೇ.

ನಾನು ನೌಕರಿಗೆ ಸೇರಿದ ಎಂಬತ್ತರ ದಶಕದಲ್ಲಿ ಪ್ರಶ್ನೆಪತ್ರಿಕೆಗಳೆಲ್ಲ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಿದ್ಧವಾಗುತ್ತಿದ್ದವು. ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಮೊನೆಯ ಲೇಖನಿಯಿಂದ ಕೊರೆದು ಬರೆಯಬೇಕು. ತಪ್ಪಾದರೆ ಘಾಟು ವಾಸನೆಯ ದ್ರವವನ್ನು ಹಚ್ಚಿ, ಊದಿ ಆರಿಸಿ, ಅದರ ಮೇಲೆ ಮತ್ತೆ ಬರೆಯಬೇಕು. ಜವಾನ ಹಿಡಿಕೆ ತಿರುಗಿಸುವನು, ನಾವು ಹಾಳೆ ತೆಗೆಯುವೆವು, ಇಬ್ಬರ ಕೈಯೂ ಕಪ್ಪು. ಆದರೆ ಆ ಯಂತ್ರ ನಿಂತರೆ ಏಕೆ ನಿಂತಿತೆಂಬುದು ಕಣ್ಣೆದುರಿಗೇ ಕಾಣುತ್ತಿತ್ತು: ಮಸಿ ಒಣಗಿದೆ, ಹಾಳೆ ಮಡಚಿದೆ, ಸ್ಟೆನ್ಸಿಲ್ ಹರಿದಿದೆ. ಜವಾನನನ್ನು ಬೈಯಲು ಆಸ್ಪದವೇ ಇರಲಿಲ್ಲ. ಗೋಡೆಯಾಚೆಗಿನ ಯಂತ್ರ ಏಕೆ ತಡಮಾಡುತ್ತಿದೆ ಎಂಬುದು ಮಾತ್ರ ಯಾರಿಗೂ ಕಾಣದು. ಕಾಣುವುದು ಗುಂಡಿ ಒತ್ತಿದವರ ಮುಖವೊಂದೇ.

ಇದು ನಮ್ಮ ಮನೆಗಷ್ಟೇ ಬಂದ ಕಷ್ಟವಲ್ಲ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞರಿಗೂ ದೂರದಲ್ಲಿದ್ದ ಪ್ರಿಂಟರಿನದೇ ಪೀಡೆ. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಮುಟ್ಟುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. ಹೊಸ ಯಂತ್ರದ ತಂತ್ರಾಂಶದ ಮೂಲಬರಹ ಅವರಿಗೆ ಸಿಗಲಿಲ್ಲ. ಆ ಕಹಿಯೂ ಒಂದು ಕಾರಣವಾಗಿ ಅವರು 1983ರಲ್ಲಿ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದರು. ನನ್ನ ಕೈಲಾಗುವುದು ಅಷ್ಟಲ್ಲ. ಆದರೆ ಒಂದು ಪ್ರಯೋಗದಲ್ಲಿ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕೆಂದು ಮೂವತ್ತು ವರ್ಷ ಹೇಳಿಕೊಟ್ಟವನು ನಾನು. ಬೆಳಗ್ಗೆ ಅದನ್ನೇ ಮಾಡಹೊರಟೆ.

ಮೊದಲು ಪ್ರಿಂಟರನ್ನು ಹೊತ್ತು ತಂದು ಯು.ಎಸ್.ಬಿ. ತಂತಿಯಿಂದ ನೇರವಾಗಿ ಕಂಪ್ಯೂಟರಿಗೆ ಜೋಡಿಸಿದೆ. ಇಪ್ಪತ್ತು ಸೆಕೆಂಡಿನಲ್ಲಿ ಹಾಳೆ ಬಂತು, ಒಂದೇ ಹಾಳೆ. ಎಂದರೆ ಯಂತ್ರ ನಿರ್ದೋಷಿ, ಕಂಪ್ಯೂಟರೂ ಬಹುಮಟ್ಟಿಗೆ ನಿರ್ದೋಷಿ, ದೋಷವಿರುವುದು ದಾರಿಯಲ್ಲಿ.

ಮತ್ತೆ ಒಳಕೋಣೆಯಲ್ಲಿಟ್ಟು, ಮಗ ಫೋನಿನಲ್ಲಿ ಹೇಳಿಕೊಟ್ಟಂತೆ 'ಪಿಂಗ್' ಎಂಬ ಆದೇಶ ಕೊಟ್ಟೆ. "ಇದ್ದೀಯಾ?" ಎಂದು ಕಂಪ್ಯೂಟರು ಕೂಗುವುದು, "ಇದ್ದೇನೆ" ಎಂದು ಪ್ರಿಂಟರು ಓಗೊಡುವುದು, ಅಷ್ಟೇ ಅದರ ಕೆಲಸ; ಹಾಜರಿ ಕರೆದಂತೆ. ಉತ್ತರ ಕೆಲವು ಮಿಲಿಸೆಕೆಂಡಿನಲ್ಲಿ ಬರಬೇಕು. ನಮ್ಮಲ್ಲಿ ಒಮ್ಮೆ 9, ಒಮ್ಮೆ 640, ಮಗದೊಮ್ಮೆ ಉತ್ತರವೇ ಇಲ್ಲ. ಕಲ್ಲಿನ ಗೋಡೆ ಸಾಲದೆಂಬಂತೆ ಪ್ರಿಂಟರಿನ ಮುಂದೆ ಕಬ್ಬಿಣದ ಅಲಮಾರಿಯೂ ನಿಂತಿತ್ತು. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆಂದು ಹತ್ತನೆಯ ತರಗತಿಗೆ ಹೇಳಿದವನು ತನ್ನ ಮನೆಯಲ್ಲಿ ಆ ಅಲಮಾರಿಯನ್ನು ಆರು ವರ್ಷ ನೋಡುತ್ತ ಕುಳಿತಿದ್ದ. ಪ್ರಿಂಟರನ್ನು ಬಾಗಿಲಿನ ನೇರಕ್ಕೆ ಒಂದು ಸ್ಟೂಲಿನ ಮೇಲಿಟ್ಟೆ. "ಓಡಾಡೋ ದಾರ್‍ಯಾಗ ಇಟ್ಟೀರಲ್ರೀ" ಎಂದು ಮನೆಯವಳು ಆಕ್ಷೇಪಿಸಿದಳು. ಪರೀಕ್ಷೆ ಮುಗಿಯುವವರೆಗೆ ಎಂದು ಒಪ್ಪಿಸಿದೆ. ಈಗಲೂ ಅದು ಅಲ್ಲಿಯೇ ಇದೆ.

ಉತ್ತರಗಳು 5, 7, 6 ಎಂದು ಒಂದೇ ಸಮನಾದವು. ಆದರೂ ಆರಂಭದ ತಡ ಪೂರ್ತಿ ಹೋಗಲಿಲ್ಲ. ಆಗ ಎರಡನೆಯ ಕಾರಣ ಸಿಕ್ಕಿತು. ಮನೆಯೊಳಗಿನ ಪ್ರತಿಯೊಂದು ಸಾಧನಕ್ಕೂ ರೌಟರ್ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಡುತ್ತದೆ. ಈ ವಿಳಾಸ ಶಾಶ್ವತವಲ್ಲ. ಆ ಮೇ ತಿಂಗಳಲ್ಲಿ ಗಾಳಿ-ಮಳೆಗೆ ದಿನಕ್ಕೆರಡು ಸಲ ಕರೆಂಟು ಹೋಗಿ ಬರುತ್ತಿತ್ತು. ಪ್ರತಿ ಸಲ ರೌಟರ್ ಹೊಸದಾಗಿ ಎದ್ದು ವಿಳಾಸಗಳನ್ನು ಹಂಚುತ್ತಿತ್ತು. ನಿನ್ನೆ 5 ಆಗಿದ್ದ ಪ್ರಿಂಟರು ಇಂದು 8. ಕಂಪ್ಯೂಟರಿನಲ್ಲಿ ಅದು 'ಡಬ್ಲ್ಯೂ.ಎಸ್.ಡಿ. ಪೋರ್ಟ್' ಎಂಬ ಏರ್ಪಾಟಿನ ಮೂಲಕ ಜೋಡಣೆಯಾಗಿತ್ತು. ವಿಳಾಸ ಬದಲಾದಾಗ ಈ ಏರ್ಪಾಟು ಪ್ರಿಂಟರನ್ನು ಕೂಗಿ ಕೂಗಿ ಹುಡುಕುತ್ತದೆ. ಸಿಗುವ ತನಕ ಕೆಲಸವೆಲ್ಲ 'ಸ್ಪೂಲರ್' ಎಂಬ ಸರತಿಯಲ್ಲಿ ಕಾಯುತ್ತದೆ. ನಡುವೆ ಸಂಪರ್ಕ ಕಡಿದರೆ ಅದೇ ಕೆಲಸ ಮೊದಲಿನಿಂದ ಮತ್ತೆ ಹೋಗುವುದೂ ಉಂಟು. ಇಪ್ಪತ್ಮೂರು ಹಾಳೆಗಳು ಬಂದದ್ದು ಹೀಗೆ.

ಮದ್ದು ಸರಳವಿತ್ತು. ರೌಟರಿನ ವ್ಯವಸ್ಥೆಯೊಳಗೆ ಹೋಗಿ ಪ್ರಿಂಟರಿಗೆ ಒಂದು ಕಾಯಂ ವಿಳಾಸ ಗೊತ್ತುಪಡಿಸಿದೆ. ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೇ 'ಸ್ಟ್ಯಾಂಡರ್ಡ್ ಟಿ.ಸಿ.ಪಿ./ಐ.ಪಿ. ಪೋರ್ಟ್' ಹೊಸದಾಗಿ ರಚಿಸಿ, ಸರತಿಯಲ್ಲಿ ಉಳಿದಿದ್ದ ಹಳೆಯ ಕೆಲಸಗಳನ್ನು ಅಳಿಸಿದೆ. ಮೂರನೆಯ ದೋಷ ನನ್ನದೇ ಕೈಬರಹದಲ್ಲಿತ್ತು. ಗಣಿತದ ಚಿಹ್ನೆಗಳನ್ನು ಬೆರಳಚ್ಚು ಮಾಡಲು ಸೋಮಾರಿತನಪಟ್ಟು, ಬರೆದ ಪುಟವನ್ನು ಬಣ್ಣದ ಚಿತ್ರವಾಗಿ ಸ್ಕ್ಯಾನ್ ಮಾಡುತ್ತಿದ್ದೆ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಹಿಡಿದರೆ 2480 ಗುಣಿಸು 3508, ಸುಮಾರು 87 ಲಕ್ಷ ಚುಕ್ಕೆ. ಚುಕ್ಕೆಗೆ ಮೂರು ಬೈಟ್‌ನಂತೆ, ಸಂಕುಚಿಸದಿದ್ದರೆ, 2 ಕೋಟಿ 61 ಲಕ್ಷ ಬೈಟು. ಕಪ್ಪು-ಬಿಳುಪಿನಲ್ಲಿ ಚುಕ್ಕೆಗೆ ಒಂದೇ ಬಿಟ್ ಸಾಕು. ಅದರ ಇಪ್ಪತ್ನಾಲ್ಕನೆಯ ಒಂದು ಭಾಗ. ಕಪ್ಪು ಶಾಯಿಯ ಬರಹಕ್ಕೆ ಬಣ್ಣ ಏತಕ್ಕೆ!

ಮಧ್ಯಾಹ್ನದ ಹೊತ್ತಿಗೆ ಆದೇಶ ಕೊಟ್ಟ ಹನ್ನೆರಡನೆಯ ಸೆಕೆಂಡಿಗೆ ಹಾಳೆ ಹೊರಬಂತು. ಸಂತೋಷವಾಗಬೇಕಿತ್ತು. ಅದು ಆಕೆ ತಪ್ಪಿಸಿದ ಎರಡನೆಯ ದಿನ.

ಸಂಜೆ ಅವರ ಮನೆಗೆ ಹೋದೆ. ತಾಯಿ ಗಾಬರಿಯಿಂದ ಕುರ್ಚಿ ಹಾಕಿದಳು. "ತಲಿ ನೋಯ್ತದ ಅಂತ ಮಲಗ್ಯಾಳ್ರಿ ಸರ್. ನಿಮಗ ಹೇಳಿ ಕಳಿಸಬೇಕಿತ್ತು, ತಪ್ಪಾತ್ರಿ" ಎಂದಳು. ಮಗಳು ನಡೆದದ್ದನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲ! ಬಾಗಿಲ ಮರೆಯಲ್ಲಿ ನಿಂತಿದ್ದವಳನ್ನು ಕರೆದು, "ನೀ ಒಂದೇ ಸಲ ಒತ್ತಿದ್ದಿ, ತಂಗಿ. ತಪ್ಪು ನನ್ನದು. ನಾಳೆ ಬಾ, ಎಲ್ಲರ ಮುಂದೂ ಹೇಳ್ತೀನಿ" ಎಂದೆ. ಆಕೆ ಏನೂ ಅನ್ನಲಿಲ್ಲ. ತಾಯಿ ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದಳು.

ಮರುದಿನ ಬಂದಳು. ಎಂಟು ಮಕ್ಕಳ ಎದುರಿಗೆ ಹೇಳಿದೆ. ಬೈಯುವುದು ಎಷ್ಟು ಸುಲಭವಾಗಿತ್ತೋ ಇದು ಅಷ್ಟು ಸುಲಭವಾಗಿರಲಿಲ್ಲ. ಅಲಮಾರಿ, ಗೋಡೆ, ವಿಳಾಸ ಎಲ್ಲವನ್ನೂ ಹಲಗೆಯ ಮೇಲೆ ಬರೆದು ವಿವರಿಸಿದೆ. ಆಕೆ ಕೊನೆಗೆ ಕೇಳಿದಳು:

"ಹಂಗಾದ್ರ ಸರ್, ಹುಡುಕೋದಕ್ಕ ಅಷ್ಟ್ ಹೊತ್ತು ಆಗ್ತದಂತ ಅದು ನಮಗ ಯಾಕ ಹೇಳಂಗಿಲ್ರಿ?"

ಸ್ಟಾಲ್‌ಮನ್ನರ ಕಥೆಯನ್ನು ಹೇಳಲು ತೊಡಗಿದ್ದೆ. ಪರೀಕ್ಷೆಗೆ ಉಳಿದ ದಿನಗಳು ನೆನಪಾಗಿ ಅರ್ಧಕ್ಕೇ ನಿಲ್ಲಿಸಿ, ಲೆಕ್ಕ ತೆಗೆಯಿರಿ ಎಂದೆ. ಹೆಚ್ಚಾಗಿ ಬಂದಿದ್ದ ಹದಿನಾಲ್ಕು ಹಾಳೆಗಳು ಮೇಜಿನ ಮೇಲೆಯೇ ಇದ್ದವು. ಆಕೆ ಅವುಗಳಲ್ಲಿ ಒಂದನ್ನು ತೆಗೆದುಕೊಂಡು, ಮಗುಚಿ, ಖಾಲಿ ಬದಿಯಲ್ಲಿ ವರ್ಗಸಮೀಕರಣ ಬಿಡಿಸಲು ಕುಳಿತಳು.