ಮೂರು ಕೀಲಿಗಳ ಮಹಿಮೆ

ಕಂಪ್ಯೂಟರೆಂದರೆ ವಿಜ್ಞಾನ ವಿದ್ಯಾರ್ಥಿಗಳ ಸೊತ್ತು, ಕಲಾ ವಿದ್ಯಾರ್ಥಿಗೆ ಅದರ ಗೊಡವೆಯೇಕೆ ಎಂದು ಕೇಳುವ ಮಿತ್ರರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನನ್ನ ಉತ್ತರ ಒಂದು ಸಾಲಿನ ಸ್ಕ್ರಿಪ್ಟು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಜ್ಜಿಗೆ ಅಕ್ಷರ ಬಾರದು. ಆದರೆ ರಾಗಿ ಬೀಸುವ ಪದಗಳು ಎಷ್ಟು ಬರುತ್ತವೆಂಬುದು ಆಕೆಗೇ ಗೊತ್ತಿಲ್ಲ. ಬೀಸುಕಲ್ಲು ಈಗ ಹಿತ್ತಿಲು ಸೇರಿದೆ. ಮೊರದಲ್ಲಿ ರಾಗಿ ಕೇರುವಾಗ ಮಾತ್ರ ಒಂದೊಂದು ಪದ ತಾನಾಗಿ ಹೊರಡುತ್ತದೆ. “ಇನ್ನೊಂದು ಸಲ ಹೇಳಜ್ಜಿ” ಎಂದರೆ ಮುಗಿಯಿತು, ಎರಡನೆಯ ಸಲ ಬರುವುದು ಬೇರೆಯೇ ಪದ! ಮೊಬೈಲು ಮುಂದೆ ಹಿಡಿದರಂತೂ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾಳೆ.

ಆದುದರಿಂದ ಕೇಳುತ್ತ ಕೇಳುತ್ತಲೇ ಬೆರಳಚ್ಚು ಮಾಡಬೇಕು. ಅದಕ್ಕೆ ನಾನು ಬಳಸುವುದು 2015ರಲ್ಲಿ ಬಂದ ವಿಎಸ್ ಕೋಡ್ ಎಂಬ ಎಡಿಟರ್. ಪ್ರೋಗ್ರಾಂ ಬರೆಯುವವರಿಗೆಂದು ಮಾಡಿದ್ದು ನಿಜ. ಆದರೆ ಫೋಲ್ಡರನ್ನು ಇಡಿಯಾಗಿ ತೆರೆದರೆ ಪದಗಳ ಫೈಲುಗಳೆಲ್ಲ ಎಡಗಡೆ ಸಾಲಾಗಿ ನಿಲ್ಲುತ್ತವೆ. ಕಂಟ್ರೋಲ್, ಶಿಫ್ಟ್, ಎಫ್ ಒತ್ತಿ ‘ತವರು’ ಎಂದು ಹುಡುಕಿದರೆ ಆ ಮಾತು ಬಂದ ಸಾಲುಗಳಷ್ಟೂ ಒಮ್ಮೆಗೇ ಕಾಣುತ್ತವೆ. ಒಂದೇ ಪದದ ಎರಡು ಪಾಠಗಳನ್ನು ಹೋಲಿಸುವವನಿಗೆ ಇದಕ್ಕಿಂತ ಬೇರೆ ಭಾಗ್ಯವುಂಟೆ?

ತೊಡಕಿದ್ದದ್ದು ಬಾಗಿಲಲ್ಲಿ. ನನ್ನದು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು; ಅದರ ಟಚ್‌ಪ್ಯಾಡು ಮನಸ್ಸು ಬಂದಾಗ ಮಾತ್ರ ಮಾತು ಕೇಳುತ್ತದೆ. ಎಡಿಟರ್ ತೆರೆದು, ಮೆನು ಇಳಿಸಿ, ಫೋಲ್ಡರ್ ಹುಡುಕುವಷ್ಟರಲ್ಲಿ ಅಜ್ಜಿ ಪದ ಮುಗಿಸಿ ಕೋಳಿ ಅಟ್ಟಲು ಎದ್ದಿರುತ್ತಿದ್ದಳು.

ಉಪಾಯ ಬಹಳ ಸಣ್ಣದು. ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೋಡ್’ ಎಂಬ ಆಜ್ಞೆ, ಅದರ ಮುಂದೆ ಫೋಲ್ಡರಿನ ವಿಳಾಸ. ಹೆಸರಿನ ನಡುವೆ ತೆರಪಿದ್ದರೆ ವಿಳಾಸವನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಕೊನೆಗೆ ‘ಬ್ಯಾಟ್’ ಎಂಬ ಬಾಲ ಸೇರಿಸಿ ಉಳಿಸಿ, ಡೆಸ್ಕ್‌ಟಾಪಿನಲ್ಲಿ ಅದಕ್ಕೊಂದು ಶಾರ್ಟ್‌ಕಟ್ ಮಾಡಿದೆ. ಅದರ ಪ್ರಾಪರ್ಟೀಸಿನಲ್ಲಿ ‘ಶಾರ್ಟ್‌ಕಟ್ ಕೀ’ ಎಂಬಲ್ಲಿ ‘ಪಿ’ ಒತ್ತಿದರೆ ಕಂಟ್ರೋಲ್, ಆಲ್ಟ್ ಎರಡನ್ನೂ ವಿಂಡೋಸ್ ತಾನೇ ಸೇರಿಸಿಕೊಂಡಿತು. ಈಗ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿಯೊಂದು ಸುಳಿದು, ಪದಗಳ ಫೋಲ್ಡರ್ ಎದುರಿಗೆ ಬಂದು ನಿಲ್ಲುತ್ತದೆ.

ಅಜ್ಜಿಯೂ ಇದನ್ನು ಗಮನಿಸಿದ್ದಾಳೆ. ಮೊನ್ನೆ ಮೊರ ಕೈಗೆತ್ತಿಕೊಂಡವಳು ಹಾಡದೆ ನನ್ನ ಕಡೆ ನೋಡಿದಳು.

“ಪೆಟ್ಟಿಗೆ ಬಾಯಿ ಬಿಡ್ತೇನ್ಲಾ?”

“ಬಿಡ್ತಜ್ಜಿ.”

ಆ ದಿನ ಮೂರು ತ್ರಿಪದಿಗಳು ಪೂರ್ತಿ ಸಿಕ್ಕವು. ನಾಲ್ಕನೆಯದರ ಕೊನೆಯ ಸಾಲು ಆಕೆಗೆ ನೆನಪಾಗಲಿಲ್ಲ. ಅಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.