ಕಲ್ಗಿ-ತುರಾಯಿ

ವಿಜಾಪುರ ಸೀಮೆಯ ಲಾವಣಿಯು ಮರಾಠಿಯಿಂದ ಸಾಲವಾಗಿ ತಂದ ಸರಕೆಂದು ಹೇಳುವ ವಿದ್ವಾಂಸರುಂಟು. ಅವರ ಮಾತು ಪೂರ್ಣ ನಿರಾಧಾರವಲ್ಲ. ಗೀ ಗೀ ಎಂಬ ಪಲ್ಲವಿಯು ಮರಾಠಿ ಪೋವಾಡದ ಜೀ ಜೀ ಎಂಬುದನ್ನು ಹೋಲುವದು. ಆದರೆ ಕಟ್ಟಿ ಹಾಡುವವನು ಶಾಹೀರ. ಅವನ ಕೈಯಲ್ಲಿರುವದು ದಪ್ಪು. ಎರಡು ಮೇಳಗಳು ಇದಿರುಬದಿರಾಗಿ ನಡೆಸುವ ವಾದವು ಸವಾಲು-ಜವಾಬು. ಆ ಎರಡು ಪಕ್ಷಗಳ ಹೆಸರಾದ ಕಲ್ಗಿ, ತುರಾಯಿಗಳು ಮುಂಡಾಸದ ಮೇಲೆ ಧರಿಸುವ ಆಭರಣಗಳು. ಈ ಶಬ್ದಗಳ ಬೇರು ಅರಬ್ಬಿ-ಪಾರಸಿಗಳ ಕಡೆಗೆ ಹೋಗುವದು. ಅಂದ ಮೇಲೆ ಮರಾಠಿಯೂ ಸಾಲಗಾರಳೇ ಆದಳು! 1686ರ ವರೆಗೆ ಆದಿಲಶಾಹಿಯ ರಾಜಧಾನಿಯಾಗಿದ್ದು, 1760ರಲ್ಲಿ ಪೇಶವೆಯರ ಕೈಸೇರಿದ ಊರಿನಲ್ಲಿ ಶಬ್ದಗಳು ತಮ್ಮ ತಮ್ಮ ಮನೆಯಲ್ಲಿಯೇ ಕುಳಿತಿರಬೇಕೆಂದರೆ ಹೇಗೆ?

ಸಾಲದ ಲೆಕ್ಕವನ್ನು ಬಿಟ್ಟು, ಹಾಡಿನಲ್ಲಿ ನಡೆಯುವ ವ್ಯವಹಾರವನ್ನು ನೋಡಬೇಕು. ಈ ಪಕ್ಷಗಳಿಗೆ ಹರದೇಶಿ, ನಾಗೇಶಿ ಎಂಬ ಹೆಸರುಗಳೂ ಇವೆ. ಹರದೇಶಿಯವರು ಪುರುಷನೇ ಹಿರಿಯನೆನ್ನುವರು; ನಾಗೇಶಿಯವರು ಪ್ರಕೃತಿಯೇ ಹಿರಿಯಳೆನ್ನುವರು. ಸಾಂಖ್ಯಕಾರಿಕೆಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು ಒಮ್ಮೆ ಜಾತ್ರೆಯ ರಾತ್ರಿಯಲ್ಲಿ ಜನರ ನಡುವೆ ಕಂಬಳಿಯ ಮೇಲೆ ಕುಳಿತು ಇದನ್ನು ಕೇಳಬೇಕು. ಅಲ್ಲಿ ಪ್ರಕೃತಿಯು ತತ್ತ್ವಗಳ ಎಣಿಕೆಯಾಗಿ ಉಳಿಯುವದಿಲ್ಲ. ಹೆತ್ತವಳಾಗಿ, ಬೀಸಿದವಳಾಗಿ, ನೀರು ಹೊತ್ತವಳಾಗಿ ಎದುರಿಗೆ ನಿಂತು ಉತ್ತರ ಕೇಳುವಳು. ನಾಗೇಶಿಯ ಪಕ್ಷವನ್ನು ಹೆಣ್ಣುಮಕ್ಕಳೇ ಹಾಡತೊಡಗಿದ ಮೇಲಂತೂ ಆ ಪ್ರಶ್ನೆಗೆ ಬರಿಯ ಶಾಸ್ತ್ರದಿಂದ ಉತ್ತರ ಕೊಟ್ಟು ಪಾರಾಗುವಂತಿಲ್ಲ. ಮುಂದಾಳು ದಪ್ಪು ಬಾರಿಸಿ ಒಂದು ನುಡಿಯನ್ನು ಮುಗಿಸುವನು. ತುಂತುಣಿಯವನೂ ತಾಳದವನೂ ಗೀ ಗೀ ಎಂದು ಎತ್ತಿಕೊಳ್ಳುವರು. ಆ ಧ್ವನಿ ಇಳಿಯುವದರೊಳಗೆ ಎದುರು ಪಕ್ಷದವರು ಜವಾಬನ್ನು ಹೊಂದಿಸಿಕೊಳ್ಳಬೇಕು. ಹೊಳೆಯದಿದ್ದರೆ ನೆರೆದ ಜನವೆಲ್ಲ ನಗುವದು. ಪಂಡಿತಸಭೆಯಲ್ಲಾದರೋ, ಸೋತವನಿಗೆ ಶಾಲಿನ ಮರ್ಯಾದೆಯಾದರೂ ಇರುವದು.

ಇಂಥ ಲಾವಣಿಯ ನಾಡಿನಲ್ಲಿ ಹೆಸರಾದ ಹಲಸಂಗಿಯ ಖಾಜಾಭಾಯಿಯು ಮುಸಲ್ಮಾನನು. ಅವನ ಭಾಷೆ ಭೀಮೆಯ ದಂಡೆಯ ಕನ್ನಡ. ಲಾವಣಿಯನ್ನು ಹಳ್ಳಿಯ ಗದ್ದಲವೆಂದು ಓದು ಬಲ್ಲವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, 1931ರಲ್ಲಿ ‘ಗರತಿಯ ಹಾಡ’ನ್ನು ಹೊರತಂದ ಹಲಸಂಗಿಯ ಗೆಳೆಯರು 1933ರಲ್ಲಿ ಲಾವಣಿಗಳನ್ನೂ ‘ಜೀವನ ಸಂಗೀತ’ವೆಂಬ ಹೆಸರಿನಿಂದ ಅಚ್ಚಿಗೆ ತಂದರು. ಸಂಗ್ರಾಹಕರಲ್ಲಿ ಧೂಲಾಸಾಹೇಬರಿದ್ದರು. ಬೀಸುಕಲ್ಲಿನ ಹಾಡಿಗೆ ದೊರೆತ ಆದರವು ಈ ಎರಡನೆಯ ಪುಸ್ತಕಕ್ಕೆ ದೊರೆಯಲಿಲ್ಲವೆಂಬುದು ಖೇದದ ಸಂಗತಿ.

ಆದರೂ ಆ ಸೀಮೆಯ ಜಾತ್ರೆಗಳಲ್ಲಿ, ಧ್ವನಿವರ್ಧಕಗಳು ಬಂದ ಈ ಕಾಲದಲ್ಲಿಯೂ ಹರದೇಶಿ-ನಾಗೇಶಿಗಳು ಎದುರುಬದುರು ಕೂಡುವದು ನಿಂತಿಲ್ಲ. ಬೆಳ್ಳಿ ಮೂಡುವ ವರೆಗೂ ಕೇಳುವವರು ಏಳುವದಿಲ್ಲ.