ರಟ್ಟಿನ ಗೋಪುರದಲ್ಲಿ ಒಂದು ಕಿಲೋ ರಾಗಿ

ಮಕ್ಕಳೇ, ಮಾದರಿ ರೈಲು ಕಟ್ಟುವುದು ನನ್ನ ಬಿಡುವಿನ ಹವ್ಯಾಸ. ಹಳಿ, ನಿಲ್ದಾಣ, ಸೇತುವೆ ಎಲ್ಲವೂ ಪುಟ್ಟದಾಗಿ ಮೇಜಿನ ಮೇಲೆ ಇರುತ್ತವೆ. ಈ ಸಲ ಹಳಿಯ ಪಕ್ಕದಲ್ಲಿ ನಾನು ಕಟ್ಟಿದ್ದು ಒಂದು ‘ಗ್ರೇನ್ ಎಲಿವೇಟರ್’, ಅಂದರೆ ಕಾಳನ್ನು ಮೇಲೆತ್ತಿ ಕೂಡಿಡುವ ಗೋಪುರ.

ನಮ್ಮ ಹಳ್ಳಿಗಳಲ್ಲಿ ಹಿಂದೆ ಧಾನ್ಯವನ್ನು ಕಣಜದಲ್ಲೋ ನೆಲದೊಳಗಿನ ಹಗೇವಿನಲ್ಲೋ ಇಡುತ್ತಿದ್ದರು. ಕೆನಡಾದ ಗೋಧಿ ಬಯಲುಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ರೈಲು ಹಳಿಯುದ್ದಕ್ಕೂ ಸಾವಿರಾರು ಮರದ ಗೋಪುರಗಳಿದ್ದವು. ರೈತ ತಂದ ಗೋಧಿಯನ್ನು ನೆಲದ ಗುಂಡಿಗೆ ಸುರಿಯುತ್ತಿದ್ದರು. ಸುತ್ತುವ ಪಟ್ಟಿಗೆ ಸಾಲಾಗಿ ಜೋಡಿಸಿದ ಬಟ್ಟಲುಗಳು ಅದನ್ನು ಗೋಪುರದ ತುದಿಗೆ ಒಯ್ಯುತ್ತಿದ್ದವು. ಅಲ್ಲಿಂದ ಕೆಳಗೆ ಎಲ್ಲ ಕೆಲಸವೂ ಗುರುತ್ವಾಕರ್ಷಣೆಯದು! ಗೋಧಿ ತಾನಾಗಿ ಕೋಣೆಗಳಿಗೆ ಬೀಳುತ್ತಿತ್ತು, ಆಮೇಲೆ ರೈಲಿನ ವ್ಯಾಗನ್ನಿಗೆ ಇಳಿಯುತ್ತಿತ್ತು. ಉಗಿಯಂತ್ರದಿಂದ ಹೀಗೆ ಕಾಳೆತ್ತುವ ಮೊದಲ ಗೋಪುರವನ್ನು 1842-43ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ವ್ಯಾಪಾರಿ ಜೋಸೆಫ್ ಡಾರ್ಟ್ ಮತ್ತು ಎಂಜಿನಿಯರ್ ರಾಬರ್ಟ್ ಡನ್‌ಬಾರ್ ಕಟ್ಟಿದರು. ಅದಕ್ಕೆ ಮೊದಲು ಅಲ್ಲಿ ಹಡಗಿನ ಧಾನ್ಯವನ್ನು ಕೂಲಿಯಾಳುಗಳು ಬೆನ್ನ ಮೇಲೆ ಹೊರುತ್ತಿದ್ದರು.

ನನ್ನ ರೈಲಿನ ಅಳತೆ 1:87. 24 ಮೀಟರ್ ಎತ್ತರದ ಗೋಪುರವನ್ನು 87ರಿಂದ ಭಾಗಿಸಿದೆ. ಸುಮಾರು 27.6 ಸೆಂಟಿಮೀಟರ್ ಬಂತು. ರಟ್ಟು ಕತ್ತರಿಸಿ, ಗೋಂದು ಹಚ್ಚಿ ನಿಲ್ಲಿಸಿದೆ.

ಇದರೊಳಗೆ ಎಷ್ಟು ಧಾನ್ಯ ಹಿಡಿಯಬೇಕು? ನಿಜವಾದ ಗೋಪುರದಲ್ಲಿ ಸುಮಾರು 800 ಟನ್ ಗೋಧಿ ಹಿಡಿಯುತ್ತದೆ ಎನ್ನೋಣ. ಅದನ್ನು 87ರಿಂದ ಭಾಗಿಸಿದರೆ 9 ಟನ್ ದಾಟುತ್ತದೆ. ರಟ್ಟಿನ ಡಬ್ಬಿಯಲ್ಲಿ 9 ಟನ್ನೇ? ಇಲ್ಲಿ ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗಿವೆ. ಆದ್ದರಿಂದ 87 × 87 × 87, ಅಂದರೆ 6,58,503ರಿಂದ ಭಾಗಿಸಬೇಕು. ಉತ್ತರ ಸುಮಾರು 1.2 ಕಿಲೋ!

ಗೋಪುರ ಕುಗ್ಗಿತು, ಆದರೆ ಕಾಳು ಕುಗ್ಗಲಿಲ್ಲ. 6 ಮಿಲಿಮೀಟರ್ ಉದ್ದದ ಗೋಧಿಕಾಳು ಈ ಪುಟ್ಟ ಲೋಕದಲ್ಲಿ ಅರ್ಧ ಮೀಟರಿಗಿಂತ ದೊಡ್ಡ ಬಂಡೆ. ಹಾಗೆಂದು ಹಿಟ್ಟು ತುಂಬಿದರೆ ಅದು ಅಂಟಿಕೊಂಡು ಹರಿಯುವುದೇ ಇಲ್ಲ. ಅದಕ್ಕೇ ರಾಗಿ ಆರಿಸಿಕೊಂಡೆ. ಮೊದಲು ತಳದಲ್ಲಿ 4 ಮಿಲಿಮೀಟರಿನ ರಂಧ್ರ ಮಾಡಿ ನೋಡಿದೆ. ನಾಲ್ಕಾರು ಕಾಳುಗಳು ಒಂದಕ್ಕೊಂದು ಒತ್ತಿ ಕಮಾನು ಕಟ್ಟಿದವು, ಹರಿವು ನಿಂತಿತು. ರಂಧ್ರವನ್ನು 12 ಮಿಲಿಮೀಟರಿಗೆ ಹಿಗ್ಗಿಸಿದೆ. ರಾಗಿ ಸರಾಗವಾಗಿ ಇಳಿಯಿತು.

ಆಗ ಇನ್ನೊಂದು ಪ್ರಯೋಗ ಮಾಡಿದೆ. 2 ಸೆಂಟಿಮೀಟರ್ ಉದ್ದದ ಬೆಂಕಿಕಡ್ಡಿಯ ತುಂಡು ಈ ಅಳತೆಗೆ ಒಬ್ಬ ಮನುಷ್ಯನಷ್ಟು ಎತ್ತರ. ಅದನ್ನು ರಾಗಿಯ ಮೇಲೆ ನಡುವೆ ನಿಲ್ಲಿಸಿ ಬಾಗಿಲು ತೆರೆದೆ. ರಾಗಿಯ ನಡುವೆ ಆಲಿಕೆಯಂಥ ಕುಳಿ ಬಿತ್ತು. ನೋಡನೋಡುತ್ತ ಕಡ್ಡಿ ಮುಳುಗಿಹೋಯಿತು.

ನಿಜವಾದ ಗೋಪುರಗಳಲ್ಲಿ ಹೀಗೆಯೇ ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದಾರೆ. ಕೆಳಗೆ ಧಾನ್ಯ ಇಳಿಯುತ್ತಿರುವಾಗ ಮೇಲೆ ನಿಂತವನು ಅರ್ಧ ನಿಮಿಷದೊಳಗೆ ಪೂರ್ತಿ ಹೂತುಹೋಗಬಹುದು. ಸೊಂಟದವರೆಗೆ ಹೂತವನನ್ನು ಎಳೆದು ತೆಗೆಯುವುದೂ ಸುಲಭವಲ್ಲ, ಸುತ್ತಲಿನ ಕಾಳು ಅವನನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ರಕ್ಷಿಸುವವರು ಮೊದಲು ಅವನ ಸುತ್ತ ತಗಡಿನ ಗೋಡೆ ಇಳಿಸಿ, ಒಳಗಿನ ಕಾಳನ್ನು ತೋಡಿ ತೆಗೆಯುತ್ತಾರೆ.

ನೀವೂ ಮಾಡಿ ನೋಡಿ. ದೊಡ್ಡವರ ಸಹಾಯದಿಂದ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗಾಗಿ ಹಿಡಿದು ರಾಗಿ ತುಂಬಿ. ಮೇಲೆ ಕಡ್ಡಿ ನಿಲ್ಲಿಸಿ, ಕೆಳಗೆ ಪಾತ್ರೆ ಇಟ್ಟು ಮುಚ್ಚಳ ತೆಗೆಯಿರಿ. ಕಡ್ಡಿ ಮರೆಯಾಗಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಡಿ. ಕಾಳಿನ ರಾಶಿ ನೆಲದ ಹಾಗೆ ಗಟ್ಟಿಯಾಗಿ ಕಂಡರೂ ನೀರಿನ ಹಾಗೆ ಹರಿಯಬಲ್ಲದು. ಧಾನ್ಯ ಇಳಿಸುತ್ತಿರುವ ಲಾರಿ, ಗೋದಾಮು, ಕಣಜ ಯಾವುದೇ ಇರಲಿ, ಕಾಳಿನ ಮೇಲೆ ಹತ್ತಿ ಆಡಬೇಡಿ. ನಿಮ್ಮ ತಮ್ಮ ತಂಗಿಯರಿಗೂ ಬಾಟಲಿ ತೋರಿಸಿ ಹೇಳಿ.